ಲಾಭ ಬ್ಯಾಡ ಅಂದೇವಿ, ಕೂಲಿ ಬ್ಯಾಡ ಅಂದಿಲ್ಲ



ಉದ್ದನೆಯ ಪೋಸ್ಟ್ ಇದು. ಪುರುಸೊತ್ತು ಮಾಡ್ಕೊಂಡು ಕೊನೀತನಕ ಓದ್ರಿ. ಅರ್ಧ ಓದಿ ಲೈಕ್ ಒತ್ತಿ ಹೋಗಬ್ಯಾಡ್ರಿ. ಓದಿದ ಮ್ಯಾಲೆ ಬೈಯೋದಿದ್ರ ಬೈರಿ, ಕೇಳಸ್ಕೋತೀನಿ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕಿನ ನಮ್ಮ ಕೇರಿಗಳ ಹುಡುಗ ಹುಡುಗಿಯರು ಕಟ್ಟಿದ ಒಂದು ಸಣ್ಣ ನಾಟಕ ತಂಡ ಇದೆ. ಎಂಟು ಮಂದಿ. ಡಿಗ್ರಿ ಓದುವಾಗ ಗೆಳೆಯರಾದವರು. ಒಬ್ಬ ಗೌಂಡಿ ಕೆಲಸಕ್ಕೆ ಹೋಗ್ತಾನ. ಒಬ್ಬ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದಾನ. ಇಬ್ಬರು ಕಬ್ಬಿನ ಹಂಗಾಮಿನಾಗ ಟ್ರ್ಯಾಕ್ಟರ್ ಹೊಡೀತಾರ. ಒಬ್ಬಾಕಿ ಖಾಸಗಿ ಶಾಲೆಯ ಟೀಚರ್, ಇನ್ನೊಬ್ಬಾಕಿ ಬಿ.ಎಡ್ ಮುಗಿಸಿ ಮನ್ಯಾಗ ಕುಂತಾಳ. ಉಳಿದ ಇಬ್ಬರು ಓದೂ ಓದ್ತಾರ, ಕೂಲಿಗೂ ಹೋಗ್ತಾರ. ಈ ತಂಡ ಇನ್ನೇನು ಬಾಗಿಲು ಹಾಕೋ ಹಂತಕ್ಕೆ ಬಂದಿದೆ.

ತಂಡದ ಹೆಸರು ಬರೀತಾ ಇಲ್ಲ. ಅವರೇ ಬ್ಯಾಡ ಅಂದ್ರು. "ಅಣ್ಣಾ, ಹೆಸರು ಹಾಕಿದ್ರ ಭಿಕ್ಷಾ ಬೇಡಿದಂಗ ಆಗತೈತಿ" ಅಂದ್ಲು ಆ ಬಿ.ಎಡ್ ಹುಡುಗಿ. ಆಕಿ ಮಾತು ಖರೇನ. ಹಂಗಾಗಿ ಈ ಪೋಸ್ಟಿನ ಕೆಳಗ ಫೋನ್‌ಪೇ ನಂಬರ್ ಇಲ್ಲ, ಹುಡುಕಬ್ಯಾಡ್ರಿ. ನಾನು ಸಹಾಯ ಕೇಳಾಕತ್ತಿಲ್ಲ. ಬಾಕಿ ಕೇಳಾಕತ್ತೀನಿ.

ಇವರು ತಂಡ ನೋಂದಣಿ ಮಾಡಿಸಿದ್ದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಅದಕ್ಕೆ ಕನಿಷ್ಠ ಏಳು ಮಂದಿ ಬೇಕು, ಇವರು ಎಂಟು ಮಂದಿ ಇದ್ರು. ಬೈಲಾದಲ್ಲಿ "ಲಾಭದ ಉದ್ದೇಶವಿಲ್ಲದ ಸಂಸ್ಥೆ" ಅಂತ ಬರೆದರು. ಅದರ ಅರ್ಥ ಇಷ್ಟೇ: ಉಳಿದ ದುಡ್ಡನ್ನು ಸದಸ್ಯರು ಲಾಭ ಅಂತ ಹಂಚಿಕೊಳ್ಳುವಂತಿಲ್ಲ, ಸಂಸ್ಥೆಯ ಕೆಲಸಕ್ಕೇ ಹಾಕಬೇಕು. ಆದ್ರ ಊರ ಮಂದಿ, ಇಲಾಖೆ ಮಂದಿ, ಕಡೀಕ ನಮ್ಮ ಸಂಘಟನೆ ಮಂದಿ ಸೈತ ಅದನ್ನು ಹೆಂಗ ಓದಿದ್ರು ಗೊತ್ತೇನು? "ಇವರು ಪುಕ್ಕಟೆ ಆಡ್ತಾರ" ಅಂತ.

ಲಾಭ ಬ್ಯಾಡ ಅನ್ನೋದು ಬ್ಯಾರೆ, ಕೂಲಿ ಬ್ಯಾಡ ಅನ್ನೋದು ಬ್ಯಾರೆ. ಇಷ್ಟು ಸಣ್ಣ ಫರಕು ನಮಗ ತಿಳೀವಲ್ದು ಅಂದ್ರ ನಾವು ಏನು ಓದಿದ್ವಿ, ಏನು ಹೋರಾಟ ಮಾಡಿದ್ವಿ?

ಮೊದಲು ನಮ್ಮವರ ಮಾತೇ ಆಡೋಣ. ಬ್ಯಾರೆಯವರಿಗೆ ಬೈಯೋದು ಸುಲಭ.

ಈ ಸಲದ ಬಾಬಾಸಾಹೇಬರ ಜಯಂತಿಗೆ ಒಂದು ಊರಿನ ಕಮಿಟಿ ಇವರನ್ನು ಕರೆಸಿತು. ಊರ ಹೆಸರು ಬ್ಯಾಡ, ಯಾಕಂದ್ರ ಹತ್ತು ಊರಾಗ ಇದೇ ಕತಿ. ಡಿಜೆಗೆ ತಿಂಗಳ ಮುಂಚೆ ಮುಂಗಡ ಹೋಗಿತ್ತು. ಫ್ಲೆಕ್ಸಿನವನಿಗೆ ರೊಕ್ಕ ಎಣಿಸಿ ಕೊಟ್ಟಿದ್ರು. ಪೆಂಡಾಲಿನವನು ಉದ್ರಿ ಒಪ್ಪೂದಿಲ್ಲ, ಅವನಿಗೂ ಕೊಟ್ಟಿದ್ರು. ಡಿಜೆ ಮುಗಿದ ಮ್ಯಾಲೆ ರಾತ್ರಿ ಹನ್ನೊಂದಕ್ಕ ನಾಟಕಕ್ಕೆ ಮೈಕು ಸಿಕ್ತು. ಆಟ ಮುಗಿದ ಮ್ಯಾಲೆ ಎಂಟು ಮಂದಿಗೆ ಎಂಟು ಶಾಲು, ಒಂದು ಫೋಟೊ, ಒಂದು ಪ್ಲೇಟ್ ಪಲಾವು. ಗಾಡಿ ಬಾಡಿಗೆ ಕೇಳಿದ್ದಕ್ಕೆ ಕಮಿಟಿಯ ಹಿರಿಯರೊಬ್ಬರು ಅಂದದ್ದು: "ನೀವು ನಮ್ಮ ಮಕ್ಕಳೇ ಅಲ್ಲೇನ? ಬಾಬಾಸಾಹೇಬರ ಕೆಲಸಕ್ಕ ರೊಕ್ಕ ಕೇಳ್ತೀರೇನ?"

ಹಿರಿಯರೇ, ಡಿಜೆಯವನು ಯಾರ ಕೆಲಸಕ್ಕ ಬಂದಿದ್ದ? ಅವನಿಗೆ ಈ ಮಾತು ಯಾಕ ಅನಲಿಲ್ಲ? "ನಮ್ಮವರು" ಅನ್ನೋ ಶಬ್ದ ಬರೇ ಕೂಲಿ ಕಡೀಲಿಕ್ಕ ಇರೋದೇನು?

ಕಲೆಗೆ ರೊಕ್ಕ ಕೇಳೋದು ಅಂದ್ರ ಪಟ್ಟಣದ ಚಾಳಿ ಅಂತೀರಿ. ನಮ್ಮ ನೆಲದ ಪದ್ಧತಿ ಏನಿತ್ತು ನೋಡ್ರಿ. ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಸೀಮೆ ನಮ್ಮದು. ಆ ಆಟ ತಿದ್ದಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಈಗಿನ ಮೂಡಲಗಿ ತಾಲ್ಲೂಕಿನಾಗ ಐತಿ. ಹೆಣ್ಣುಮಗಳಾಗಿ ತನ್ನದೇ ಮೇಳ ಕಟ್ಟಿ ಊರೂರು ಆಡಿದ ಕೌಜಲಗಿ ನಿಂಗಮ್ಮನ ಊರೂ ಅದೇ ಸೀಮೆ. ಆಟ ಗೊತ್ತು ಮಾಡೋವಾಗ ವೀಳ್ಯ ಕೊಡ್ತಿದ್ರು. ಎಲೆ ಅಡಿಕೆ ಮ್ಯಾಲೆ ರೊಕ್ಕ ಇಟ್ಟು, ಇಂಥ ದಿನ ಇಂಥ ಆಟ ಅಂತ ಮಾತು ಕೊಡ್ತಿದ್ರು, ತಗೋತಿದ್ರು. ಆಟ ನಡುವೆ ನಿಲ್ಲಿಸಿ, ಕೊಟ್ಟವರ ಹೆಸರು ಕೂಗಿ ಆಯೇರಿ ಓದ್ತಿದ್ರು. ಇದರಾಗ ಯಾರಿಗೂ ನಾಚಿಕಿ ಇರಲಿಲ್ಲ. ಕಲಾವಿದ ರೊಕ್ಕ ಮುಟ್ಟಿದ ಅಂತ ಯಾವ ದೇವರೂ ಮುನೀಲಿಲ್ಲ.

ಹಂಗಾದ್ರ ಅದೇ ಜಾತ್ರೆಯಲ್ಲಿ ವೀಳ್ಯ ಸಿಗದೆ ಇದ್ದವರು ಯಾರು? ಹಲಗಿ ಬಾರಿಸಿದವರು. ಅವರ ಕಲೆಗೆ "ಕಲೆ" ಅನ್ನೋ ಹೆಸರೇ ಇರಲಿಲ್ಲ, "ಚಾಕರಿ" ಅಂತಿದ್ರು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಒಂದಿಷ್ಟು ಆಯ ಹಾಕ್ತಿದ್ರು. ಕೇಳಿ ಪಡೆಯೋ ಹಾಗಿರಲಿಲ್ಲ, ಹಾಕಿದಷ್ಟು ಉಡಿಯೊಡ್ಡಿ ತಗೋಬೇಕು. ಬಾರಿಸೂದಿಲ್ಲ ಅಂದ್ರ ಬಹಿಷ್ಕಾರ.

ಚೌಡಕಿ ಹಿಡಿಸಿದ ನಮ್ಮ ಅವ್ವಂದಿರಿಗೆ ಏನಂದ್ರು? "ದೇವಿ ಸೇವೆ" ಅಂದ್ರು. ಆ ಸೇವೆ ನಿಲ್ಲಿಸಲಿಕ್ಕೆ 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬರಬೇಕಾಯಿತು. ಕಾಯ್ದೆ ಬಂದಷ್ಟಕ್ಕೇ ಮುಗಿಯಲಿಲ್ಲ, 1997ರಲ್ಲಿ ಬೆಳಗಾವಿ ಜಿಲ್ಲೆಯ ಮಾಜಿ ದೇವದಾಸಿ ತಾಯಂದಿರು ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿಕೊಂಡು ತಾವೇ ಕೇರಿ ಕೇರಿ ತಿರುಗಬೇಕಾಯಿತು. "ಸೇವೆ" ಅನ್ನೋ ಶಬ್ದ ಕೇಳಿದ ಕೂಡಲೇ ನಮ್ಮ ಕಿವಿ ನೆಟ್ಟಗಾಗಬೇಕು. ನಮ್ಮ ಜನರ ಮಟ್ಟಿಗೆ ಆ ಶಬ್ದದ ಚರಿತ್ರೆ ಚಲೋ ಇಲ್ಲ.

ಬಾಬಾಸಾಹೇಬರ ಹೆಸರು ಹೇಳಿ ಪುಕ್ಕಟೆ ದುಡಿಸೋರಿಗೆ ಬಾಬಾಸಾಹೇಬರು ಏನು ಮಾಡಿದ್ರು ಅಂತ ನೆನಪು ಮಾಡಿಕೊಡ್ತೀನಿ. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಊರ ಚಾಕರಿಯ ವತನ್ ಪದ್ಧತಿಗೆ 1874ರ ಒಂದು ಕಾನೂನಿತ್ತು. ವತನದಾರ ಮಹಾರನು ಹಗಲು ರಾತ್ರಿ ಸರ್ಕಾರದ ಕರೆಗೆ ಹಾಜರಿರಬೇಕು. ಅವನು ಇಲ್ಲದಿದ್ದರೆ ಅವನ ಮನೆಯವರು ಬರಬೇಕು. ಅದಕ್ಕೆ ಸಿಗುತ್ತಿದ್ದದ್ದು ಚೂರು ಇನಾಮು ಜಮೀನು, ಒಂದಿಷ್ಟು ಕಾಳು, ಬಿಡಿಗಾಸು. 1928ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ ಆ ಕಾನೂನಿಗೆ ತಿದ್ದುಪಡಿ ಮಸೂದೆ ಮಂಡಿಸಿದರು. ದುಡಿಸಿಕೊಂಡರೆ ಸಂಬಳ ಕೊಡಿ ಅನ್ನೋದು ಅವರ ವಾದದ ಸಾರ. ಮಸೂದೆ ಪಾಸಾಗಲಿಲ್ಲ. ನಮ್ಮ ಕಡೆ ಊರ ಚಾಕರಿ ಕಾನೂನಿನ ಪ್ರಕಾರ ಹೋಗಲಿಕ್ಕೆ 1961ರ ಗ್ರಾಮ ಹುದ್ದೆಗಳ ರದ್ಧತಿ ಕಾಯ್ದೆ ತನಕ ಕಾಯಬೇಕಾಯಿತು.

ಸಂವಿಧಾನದ 23ನೇ ವಿಧಿ ಬೇಗಾರಿಯನ್ನು ನಿಷೇಧಿಸುತ್ತದೆ. 17ನೇ ವಿಧಿ ನಮಗೆ ಬಾಯಿಪಾಠ ಐತಿ, 23 ಮರೆತುಬಿಡ್ತೀವಿ. 1982ರಲ್ಲಿ ದಿಲ್ಲಿಯ ಏಷ್ಯಾಡ್ ಕಾಮಗಾರಿ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಏನು? ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ. ಯಾಕಂದ್ರ ಹಸಿವೂ ಒಂದು ಬಲವಂತ. ಜಯಂತಿ ಕಮಿಟಿ ಮ್ಯಾಲೆ ಕೇಸ್ ಹಾಕ್ರಿ ಅಂತ ನಾನು ಹೇಳಾಕತ್ತಿಲ್ಲ. ಆ ತೀರ್ಪಿನ ನ್ಯಾಯ ನಮ್ಮ ಪೆಂಡಾಲಿನ ಒಳಗೂ ಬರಲಿ ಅಂತೀನಿ.

ಈಗ ಲೆಕ್ಕ ಮಾಡ್ರಿ. 2025-26ರಾಗ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎಂಟು ಮಂದಿಗೆ ಒಂದು ದಿನಕ್ಕೆ 2,960. ಒಂದು ನಾಟಕ ಕಟ್ಟಲಿಕ್ಕೆ ಕಡಿಮೆ ಅಂದ್ರೂ ಹತ್ತು ದಿನದ ತಾಲೀಮು ಬೇಕು. ಅಂದ್ರ 29,600. ಆ ನಾಟಕ ಹತ್ತು ಕಡೆ ಆಡಿದ್ರ, ಒಂದು ಆಟದ ಪಾಲಿಗೆ ತಾಲೀಮಿನ ಕೂಲಿ 2,960, ಆಟದ ದಿನದ ಕೂಲಿ 2,960. ಒಟ್ಟು 5,920 ರೂಪಾಯಿ. ಗಾಡಿ ಬಾಡಿಗೆ ಬ್ಯಾರೆ, ಊಟ ಬ್ಯಾರೆ, ಸಾಮಾನು ಬ್ಯಾರೆ. ಇದು ಕಲಾವಿದರ ಸಂಭಾವನೆ ಅಲ್ರೀ, ಕೆರಿ ಹೂಳು ಎತ್ತೋ ಕೂಲಿ! ಅದನ್ನೂ ಕೊಡಲಾರದೆ ಶಾಲು ಹೊದಿಸಿ ಕಳಿಸ್ತೀವಿ. ಆ ಹುಡುಗರ ಮನೆಯಲ್ಲಿ ಶಾಲು ರಾಶಿ ಬಿದ್ದಾವ. ಶಾಲು ಮಾರಿ ಜ್ವಾಳ ತರಾಕ ಬರೂದಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಬ್ಯಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು, ಟಿಕೆಟ್ ಖರ್ಚು ಉಳೀತು, ಒಪ್ಪತೀನಿ. ಆದ್ರ ಆಟ ಮುಗಿಯೋ ಹೊತ್ತಿಗೆ ಬಸ್ಸೇ ಇರೂದಿಲ್ಲ. ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಿಂದ ಮೂಡಲಗಿ ಕಡೆಯ ಒಂದು ಹಳ್ಳಿಗೆ ನಡುರಾತ್ರಿ ಒಬ್ಬ ಹುಡುಗಿ ಹೆಂಗ ಹೋಗಬೇಕು? ಗಾಡಿಗೆ ರೊಕ್ಕ ಇಲ್ಲ ಅಂದ ದಿನ ಆಕಿ ಅಪ್ಪ "ಸಾಕು ನಿನ್ನ ನಾಟಕ" ಅಂತಾನ. ನಾವು ಆ ಅಪ್ಪನಿಗೆ ಪುರುಷಪ್ರಧಾನ ಅಂತ ಭಾಷಣ ಮಾಡ್ತೀವಿ. ಗಾಡಿ ಬಾಡಿಗೆ ಕೊಟ್ಟು ಭಾಷಣ ಮಾಡ್ರಿ.

ಕೆಲವರು ಕೇಳ್ತಾರ: "ಕಾಲೇಜ್ ಗೆಳ್ಯಾರು ಕಟ್ಟಿದ ತಂಡ, ನಾಕು ದಿನದ ಹುಮ್ಮಸ್ಸು, ಅದಕ್ಯಾಕ ಇಷ್ಟು ಒದರಾಡ್ತಿ?"

ಕಾಲೇಜ್ ಗೆಳೆಯರ ಹುಮ್ಮಸ್ಸು ಏನು ಮಾಡಿದೆ ಅಂತ ಕೇಳ್ರಿ. 1973ರಲ್ಲಿ ದಿಲ್ಲಿಯಲ್ಲಿ ಜನ ನಾಟ್ಯ ಮಂಚ್ ಶುರುವಾದಾಗ ಸಫ್ದರ್ ಹಾಶ್ಮಿ ಮತ್ತು ಜತೆಗಾರರು ವಿದ್ಯಾರ್ಥಿ ಚಳವಳಿಯಿಂದ ಬಂದ ಹುಡುಗರೇ. 1989ರ ಜನವರಿ 1ರಂದು ಸಾಹಿಬಾಬಾದ್‌ನಲ್ಲಿ ಕಾರ್ಮಿಕರ ಮುಂದೆ ಬೀದಿನಾಟಕ ಆಡುವಾಗ ಗೂಂಡಾಗಳು ದಾಳಿ ಮಾಡಿದರು, ಮರುದಿನ ಸಫ್ದರ್ ತೀರಿಕೊಂಡರು. ಜನವರಿ 4ಕ್ಕೆ ಅವರ ಸಂಗಾತಿ ಮೊಲೊಯಶ್ರೀ ಮತ್ತು ಗೆಳೆಯರು ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತ ಆಟ ಮುಗಿಸಿ ಬಂದರು. ನಮ್ಮ ರಾಜ್ಯದಲ್ಲಿ 1975ರಲ್ಲಿ ಹುಟ್ಟಿದ ಸಮುದಾಯ, 1977ರ ಬಿಹಾರದ ಬೆಲ್ಚಿ ಹತ್ಯಾಕಾಂಡವನ್ನು ಬೀದಿನಾಟಕ ಮಾಡಿ ಊರೂರಿಗೆ ಒಯ್ದಿತು. ಎಲ್ಲಿಯ ಬಿಹಾರ, ಎಲ್ಲಿಯ ನಮ್ಮ ಸಂತೆ ಬಯಲು! ಪುಣೆಯಲ್ಲಿ 2002ರ ಗುಜರಾತ್ ಗಲಭೆಗಳ ನಂತರ ಯುವಕರು ಕಟ್ಟಿದ ಕಬೀರ್ ಕಲಾ ಮಂಚ್‌ನ ಹುಡುಗರು ಹಾಡಿನ ಸಲುವಾಗಿ ಜೈಲು ಕಂಡರು. ಬೆಂಗಳೂರಿನ ಜಂಗಮ ಕಲೆಕ್ಟಿವ್ ಗೆಳೆಯರು ಕೆ.ಬಿ. ಸಿದ್ದಯ್ಯನವರ ಬರಹ ಇಟ್ಟುಕೊಂಡು, ಕೆ.ಪಿ. ಲಕ್ಷ್ಮಣ್ ನಿರ್ದೇಶನದಲ್ಲಿ "ದಕ್ಲಕಥಾ ದೇವಿಕಾವ್ಯ" ಆಡಿ, ಅರೆ ತಮಟೆಯನ್ನು ರಂಗದ ನಡುಮಧ್ಯೆ ತಂದು ನಿಲ್ಲಿಸಿದರು. ಅದಕ್ಕೂ ಹಿಂದೆ, 1930ರ ದಶಕದಲ್ಲೇ ಮಹಾರಾಷ್ಟ್ರದಲ್ಲಿ ಭೀಮರಾವ್ ಕರ್ಡಕರ ಜಲ್ಸಾ ತಂಡಗಳು ಬಾಬಾಸಾಹೇಬರ ವಿಚಾರವನ್ನು ಓದು ಬಾರದ ಜನರ ಕಿವಿಗೆ ಮುಟ್ಟಿಸಿದ್ದವು. ನಮ್ಮ ಸಂಕೇಶ್ವರದಿಂದ ಮಹಾರಾಷ್ಟ್ರ ಎಷ್ಟು ದೂರ? 1925ರಲ್ಲಿ ಬಾಬಾಸಾಹೇಬರು ಪರಿಷತ್ತು ನಡೆಸಿದ ನಿಪ್ಪಾಣಿ ಎಷ್ಟು ದೂರ? ಆ ಗಾಳಿ ನಮಗೂ ಬೀಸಿದ್ದೇ.

"ಜನ ನಾಟ್ಯ ಮಂಚ್‌ನವರು ಸಂಬಳ ತಗೊಂಡ್ರೇನು? ರೊಕ್ಕ ಬಂದ್ರ ಚಳವಳಿ ಕೆಡತೈತಿ" ಅಂತ ಒಬ್ಬ ಕಾಮ್ರೇಡ್ ನನಗೆ ಹೇಳಿದ್ರು. ಈ ಮಾತನ್ನು ನಾನು ಹಗುರಾಗಿ ತಗೊಳ್ಳೂದಿಲ್ಲ. ಆ ತಂಡದವರು ಆಟ ಮುಗಿದ ಮ್ಯಾಲೆ ಜನರ ಮುಂದೆ ಚಾದರ ಹಿಡಿದು ಕೂಡಿಸಿದ ರೊಕ್ಕದಾಗ ತಂಡ ನಡೆಸಿದವರು, ಅವರಿಗೆ ನನ್ನ ಸಲಾಮು. ಆದ್ರ ಸಫ್ದರ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. ಹಗಲು ನೌಕರಿ ಇದ್ದವನು ಸಂಜೆಯನ್ನು ದಾನ ಮಾಡಬಹುದು. ನಮ್ಮ ಗೌಂಡಿ ಹುಡುಗನ ಹತ್ರ ದಾನ ಮಾಡಲಿಕ್ಕೆ ಸಂಜೆ ಎಲ್ಲೈತಿ? ಅವನು ತಾಲೀಮಿಗೆ ಬಂದ ದಿನ ಅವನ ಮನೆಯಲ್ಲಿ ಒಂದು ಪಗಾರ ಕಡಿಮೆ. ಹೊಟ್ಟಿ ತುಂಬಿದವರು ತ್ಯಾಗ ಮಾಡಿದ್ರ ಅದು ಆದರ್ಶ. ಹಸಿದವನ ಕಡೆ ತ್ಯಾಗ ಮಾಡಿಸಿದ್ರ ಅದು ವಸೂಲಿ.

ಇನ್ನು ಇಲಾಖೆಗಳ ಕತಿ. ಸರ್ಕಾರ ನಮ್ಮ ಹುಡುಗರಿಗೆ ರೊಕ್ಕ ಕೊಡೂದೇ ಇಲ್ಲ ಅನ್ನೂದಿಲ್ಲ. ಜಾಗೃತಿ ಬೀದಿನಾಟಕಕ್ಕೆ ಕೊಡ್ತಾರ. ಶೌಚಾಲಯ, ಕುಡಿತ, ಬಾಲ್ಯವಿವಾಹ, ಲಸಿಕೆ. ಒಳ್ಳೆ ವಿಷಯಗಳೇ. ಆದ್ರ ಸ್ಕ್ರಿಪ್ಟ್ ಮ್ಯಾಲಿಂದ ಬರತೈತಿ. ಅದರಾಗ ಕುಡುಕನ ಹೆಸರು ಸದಾ ನಮ್ಮ ಕೇರಿಯದು, ಬುದ್ಧಿ ಹೇಳೋ ಸಾಹೇಬರ ಹೆಸರು ಎಂದೂ ನಮ್ಮದಲ್ಲ. ನಮ್ಮ ಮಕ್ಕಳೇ ನಮ್ಮ ಕೇರಿಯಲ್ಲಿ ನಿಂತು ನಮ್ಮ ಅಪ್ಪಂದಿರನ್ನು ಕುಡುಕರು ಅಂತ ಆಡಿ ತೋರಿಸಬೇಕು. ಅದಕ್ಕೆ ರೊಕ್ಕ ಐತಿ.

ಇದೇ ತಂಡ ತಾವೇ ಬರೆದು ಆಡಿದ ನಾಟಕ ಸ್ಮಶಾನದ ದಾರಿ ಮ್ಯಾಲೆ ಐತಿ. ಕಬ್ಬಿನ ಹೊಲದ ನಡುವೆ ಇದ್ದ ಹೆಣ ಒಯ್ಯೋ ದಾರಿ ಮುಚ್ಚಿ ಹೋಗೈತಿ. ಹೊಲದ ಧಣಿ ಬಿಡೂದಿಲ್ಲ. ಹೆಣ ಇಟ್ಕೊಂಡು ಮಂದಿ ಕುಂತಾರ, ಸತ್ತ ಮುದುಕ ಎದ್ದು ಕುಂತು ಒಬ್ಬೊಬ್ಬರ ಜತಿ ಮಾತಾಡ್ತಾನ. ನಗಿಸಿ ನಗಿಸಿ ಕಡೀಕ ಎದಿಗೆ ಒದಿತೈತಿ ಆ ನಾಟಕ. ನಾನು ಹುಕ್ಕೇರಿ ತಾಲ್ಲೂಕಿನ ಒಂದೂರಾಗ ನೋಡಿದೆ. ಆಟ ಮುಗಿದ ಮ್ಯಾಲೆ ಮುದುಕಿಯೊಬ್ಬಾಕಿ ಹುಡುಗನ ಕೈ ಹಿಡಿದು, "ಯಪ್ಪಾ, ನಮ್ಮ ಮನಿಯವರನ್ನ ಒಯ್ಯುವಾಗ ಹಿಂಗ ಆಗಿತ್ತೋ, ನಿನಗ್ಯಾರು ಹೇಳಿದ್ರೋ" ಅಂದ್ಲು. ಮುಂದಿನ ವಾರ ಆ ಕೇರಿಯವರು ದಾರಿ ಸಲುವಾಗಿ ತಹಸೀಲ್ದಾರ್ ಕಚೇರಿಗೆ ಅರ್ಜಿ ಬರೆದ್ರು. ಎಷ್ಟೋ ವರ್ಷ ಸುಮ್ಮನಿದ್ದ ಮಂದಿ.

ಈ ನಾಟಕಕ್ಕೆ ಅನುದಾನ ಕೇಳಿದ್ರ ಒಬ್ಬ ಅಧಿಕಾರಿ ಹೇಳಿದ್ದು: "ಸ್ಮಶಾನ ಬಿಡ್ರಿ, ಸ್ವಚ್ಛತೆ ಮಾಡ್ರಿ, ನೋಡೋಣ." ಅರ್ಜಿ ಜತಿ ನೋಂದಣಿ ಪತ್ರ, ಆಡಿಟ್ ವರದಿ, ಫೋಟೊ, ಪೇಪರ್ ಕಟಿಂಗ್ ಎಲ್ಲಾ ಕೊಟ್ಟಾರ. ಈ ರಾಜ್ಯದಲ್ಲಿ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಐತಿ. ನಮ್ಮ ಜನಸಂಖ್ಯೆಗೆ ತಕ್ಕ ಪಾಲು ನಮ್ಮ ಸಲುವಾಗಿ ಖರ್ಚಾಗಬೇಕು ಅನ್ನೋದು ಅದರ ಜೀವ. ಆ ರೊಕ್ಕ ಬ್ಯಾರೆ ಕಡೆ ಹರಿಯಲಿಕ್ಕೆ ಕಿಂಡಿಯಾಗಿದ್ದ 7-ಡಿ ಕಲಂ ತೆಗೆಸಲಿಕ್ಕೆ ನಾವು 2023ರ ತನಕ ಬೀದಿಯಲ್ಲಿ ನಿಂತ್ವಿ. ಹಂಗಿದ್ದ ಮ್ಯಾಲೆ ನಮ್ಮ ಮಕ್ಕಳು ನಮ್ಮ ಮಾತು ನಾವೇ ಬರೆದು ಆಡ್ತೀವಿ ಅಂದ್ರ ಅದಕ್ಕ ತಾಲ್ಲೂಕಿಗೊಂದು ಸಣ್ಣ ಬಾಬತ್ತು ಯಾಕ ಇರಬಾರದು?

ಬೆಂಗಳೂರಿನ ಪ್ರಗತಿಪರ ಗೆಳೆಯರಿಗೂ ಎರಡು ಮಾತು. ನೀವು ಈ ನಾಟಕದ ವಿಡಿಯೊ ನೋಡಿ "ಬಹಳ ರಾ ಆಗಿದೆ, ಫೆಸ್ಟಿವಲ್‌ಗೆ ಕರೆಸೋಣ" ಅಂದ್ರಿ. ಸಂತೋಷ. ಆಮೇಲೆ "ಬಜೆಟ್ ಸ್ವಲ್ಪ ಟೈಟ್ ಇದೆ, ಎಕ್ಸ್‌ಪೋಷರ್ ಸಿಗುತ್ತೆ" ಅಂದ್ರಿ. ನಮಗೆ ಎಕ್ಸ್‌ಪೋಷರ್ ಕಡಿಮೆ ಆಗಿಲ್ಲ ಸ್ವಾಮಿ, ಬಿಸಿಲಾಗೇ ಹುಟ್ಟೇವಿ. ಚಿಂತನ ಮಂಥನಕ್ಕೆ ಬಂದ ವಿದ್ವಾಂಸರಿಗೆ ವಿಮಾನದ ಟಿಕೆಟ್, ಎಂಟು ಮಂದಿ ದಲಿತ ಹುಡುಗರಿಗೆ ಜನರಲ್ ಬೋಗಿ. ನಮ್ಮ ನೋವು ಬೇಕು, ನಮ್ಮ ಬಿಲ್ಲು ಬ್ಯಾಡ.

ಸರಿ, ಬೈದದ್ದಾತು. ಆಗಬೇಕಾದ್ದು ಏನು? ನನ್ನ ಕಡೆಯಿಂದ ಆರು ಮಾತು. ಮೂರೂ ತಾಲ್ಲೂಕಿನ ಸಂಘಟನೆಯವರು ಕೂಡಿ ಚರ್ಚೆ ಮಾಡ್ರಿ.

1. ಜಯಂತಿ, ಪರಿನಿಬ್ಬಾಣ ದಿನ, ಸಂವಿಧಾನ ದಿನ ಯಾವುದೇ ಇರಲಿ, ತಂಡ ಕರೆಯುವಾಗಲೇ ವೀಳ್ಯ ಕೊಡಬೇಕು. ಅರ್ಧ ಮುಂಗಡ, ಅರ್ಧ ಆಟ ಮುಗಿದ ಕೂಡಲೇ. ನರೇಗಾ ಕೂಲಿಗಿಂತ ಒಂದು ರೂಪಾಯಿ ಸೈತ ಕಡಿಮೆ ಇರಬಾರದು.

2. ಗಾಡಿ ಕಮಿಟಿಯದು. ಹೆಣ್ಣುಮಕ್ಕಳನ್ನು ಮನೆ ಬಾಗಿಲ ತನಕ ಬಿಟ್ಟು ಬರೋ ಜವಾಬ್ದಾರಿನೂ ಕಮಿಟಿಯದು.

3. ನಾಟಕಕ್ಕೆ ಡಿಜೆ ಮುಗಿದ ಮ್ಯಾಲಿನ ಹೊತ್ತು ಬ್ಯಾಡ. ಹೆಂಗಸರು ಮಕ್ಕಳು ಎಚ್ಚರ ಇರೋ ಹೊತ್ತಿನಾಗ, ಏಳು ಗಂಟೆಗೆ ಆಟ.

4. ನಮ್ಮ ಊರುಗಳ ಅಂಬೇಡ್ಕರ್ ಭವನಗಳ ಕೀಲಿ ಯಾರ ಹತ್ರ ಐತಿ? ನಾನು ಕಂಡ ಎಷ್ಟೋ ಭವನ ಮದುವೆಗೆ ತೆರೀತಾವ, ತಾಲೀಮಿಗೆ ತೆರೆಯೂದಿಲ್ಲ. ವಾರಕ್ಕೆ ಎರಡು ಸಂಜೆ ನಾಟಕದವರಿಗೆ, ಹಾಡಿನವರಿಗೆ ಪುಕ್ಕಟೆ ಬಿಟ್ಟುಕೊಡ್ರಿ. ಪುಕ್ಕಟೆ ಕೊಡೋದಾದ್ರ ಜಾಗ ಕೊಡ್ರಿ, ದುಡಿಮೆ ಕೇಳಬ್ಯಾಡ್ರಿ.

5. ಸ್ಕ್ರಿಪ್ಟಿನಾಗ ಕೈ ಹಾಕಬ್ಯಾಡ್ರಿ. ಇಲಾಖೆಯವರೂ ಬ್ಯಾಡ, ನಮ್ಮ ಲೀಡರುಗಳೂ ಬ್ಯಾಡ. ಶಾಸಕರು ವೇದಿಕೆ ಮ್ಯಾಲಿದ್ದಾರ ಅಂತ ಎರಡು ಡೈಲಾಗ್ ತೆಗೆಸಿದ ಲೀಡರುಗಳು ಯಾರು ಅಂತ ಅವರಿಗೇ ಗೊತ್ತೈತಿ.

6. ಈ ಸಲ ಮೂರೂ ತಾಲ್ಲೂಕಿನ ಸಂಘಟನೆಗಳು ಕೂಡಿ ಜಿಲ್ಲಾಡಳಿತಕ್ಕೆ ಒಂದೇ ಮನವಿ ಕೊಡೋಣ: ಎಸ್‌ಸಿಎಸ್‌ಪಿ ಹಣದಲ್ಲಿ ದಲಿತ ತಂಡಗಳು ತಾವೇ ಬರೆದ ನಾಟಕಗಳಿಗೆ ಬಾಬತ್ತು ಇಡಬೇಕು. ಸಹಿ ಮಾಡಾಕ ನಾನು ತಯಾರದೀನಿ. ನೀವು?

ತಂಡದವರಿಗೂ ಒಂದು ಮಾತು ಐತಿ. ತಮ್ಮಾ, ತಂಗೀ, ನಾಚಿಕಿ ಬಿಡ್ರಿ. ರೊಕ್ಕ ಕೇಳಿದ್ರ ಚಳವಳಿ ಸಣ್ಣದಾಗೂದಿಲ್ಲ. ನಿಮ್ಮ ಅಜ್ಜ ಕಣದಾಗ ಉಡಿಯೊಡ್ಡಿ ನಿಂತಿದ್ದ, ಹಾಕಿದಷ್ಟು ತಗೊಂಡ. ನೀವು ಕಾಗದದ ಮ್ಯಾಲೆ ರೇಟ್ ಬರೆದು, ತಂಡದ ಸಿಕ್ಕಾ ಹಾಕಿ ಕಳಸ್ರಿ. ಆ ಕಾಗದವೂ ನಿಮ್ಮ ನಾಟಕದಷ್ಟೇ ದೊಡ್ಡ ಹೋರಾಟ.

ಬಂಧುಗಳೇ, ಈ ತಂಡ ನಿಂತು ಹೋದ್ರ ಪೇಪರಿನಾಗ ಬರೂದಿಲ್ಲ. ಗೌಂಡಿ ಹುಡುಗ 365 ದಿನ ಗೌಂಡಿ ಕೆಲಸಕ್ಕೆ ಹೋಗ್ತಾನ. ಬಿ.ಎಡ್ ಹುಡುಗಿಗೆ ಮದುವಿ ಮಾಡ್ತಾರ. ಸತ್ತ ಮುದುಕ ಎದ್ದು ಮಾತಾಡೋ ಆ ಆಟ ಯಾರೂ ಆಡೂದಿಲ್ಲ, ಮತ್ತ ಹೆಣ ದಾರಿ ಸಿಗದೆ ಹಂಗೇ ಕಾಯತಾವ. ನಾವು ಮಾತ್ರ ಪ್ರತಿ ವರ್ಷ ಭಾಷಣದಾಗ "ನಮ್ಮದೇ ಸಂಸ್ಕೃತಿ ಕಟ್ಟಬೇಕು" ಅಂತ ಒದರ್ತೀವಿ.

ಮುಂದಿನ ಏಪ್ರಿಲ್ 14ರ ಸಲುವಾಗಿ ನಿಮ್ಮೂರಾಗ ಕಮಿಟಿ ಮೀಟಿಂಗ್ ಕೂಡ್ತದಲ್ಲ, ಅವತ್ತು ಡಿಜೆ ಯಾವುದು ಅಂತ ಕೇಳೋ ಮುಂಚೆ ಎದ್ದು ನಿಂತು ಇಷ್ಟು ಕೇಳ್ರಿ: "ಈ ಸಲ ವೀಳ್ಯ ಯಾವ ತಂಡಕ್ಕ ಕೊಡೂನು, ಎಷ್ಟು ಕೊಡೂನು?"

ಕೇಳಿದವರು ಕಮೆಂಟಿನಾಗ ಬರೀರಿ. ಬೈಸಿಕೊಂಡವರೂ ಬರೀರಿ.

ಜೈ ಭೀಮ್. ಜೈ ಸಂವಿಧಾನ.